ವೈಫೈ ಡಾಂಗಲ್ ಮತ್ತು ಕರ್ನಲ್ ಲಾಗ್

ಸೋಮವಾರಪೇಟೆ ಕಡೆಯ ಕಾಫಿ ತೋಟದ ಮನೆಯೊಂದರ ಕಂಪ್ಯೂಟರ್. ಲಿನಕ್ಸ್ ಆಧಾರಿತ ಉಬುಂಟು 22.04, ವೈಫೈ ಹಿಡಿಯಲು ರಿಯಲ್‌ಟೆಕ್ 8821ಸಿಯು ಚಿಪ್ಪಿನ ಯುಎಸ್‌ಬಿ ಡಾಂಗಲ್. ಜಡಿಮಳೆಯಲ್ಲಿ ನೆಟ್ ಕಟ್ ಆದರೆ ಎಲ್ಲರೂ ದೂರುವುದು ಮಳೆಯನ್ನೇ. ಆದರೆ ಅದೇ ವೈಫೈ ಮೊಬೈಲಿನಲ್ಲಿ ಸರಾಗವಾಗಿತ್ತು, ತಕರಾರು ಕಂಪ್ಯೂಟರಿನದೇ.

ಇಂಥಲ್ಲಿ ಡ್ರೈವರ್ (ಡಾಂಗಲನ್ನು ನಡೆಸುವ ತಂತ್ರಾಂಶ) ಕಿತ್ತುಹಾಕುವ ಮೊದಲು ಕರ್ನಲ್ ಲಾಗ್ (ಲಿನಕ್ಸಿನ ತಿರುಳಾದ ಕರ್ನಲ್ ಬರೆದಿಡುವ ದಾಖಲೆ) ತೆರೆದಿಟ್ಟು ಕಾಯಬೇಕು. ನೆಟ್ ಹೋದ ಕ್ಷಣಕ್ಕೇ ‘ಯುಎಸ್‌ಬಿ ಡಿಸ್ಕನೆಕ್ಟ್’ ಎಂಬ ಸಾಲು ಬಿದ್ದರೆ ಮೊದಲ ಅನುಮಾನ ಪೋರ್ಟ್ ಇಲ್ಲವೇ ವಿದ್ಯುತ್ತಿನ ಮೇಲೆ. ಇಲ್ಲಿ ಬಿದ್ದದ್ದು ಅದೇ. ಡಾಂಗಲನ್ನು ಕಂಪ್ಯೂಟರಿನ ಮುಂಭಾಗದ ಪೋರ್ಟಿನಿಂದ ತೆಗೆದು ಮದರ್‌ಬೋರ್ಡಿನ ಹಿಂದಿನ ಪೋರ್ಟಿಗೆ ಚುಚ್ಚಿದಾಗ ಆ ಸಾಲು ನಿಂತಿತು. ಪಕ್ಕದಲ್ಲೇ ಯುಎಸ್‌ಬಿ 3 ಹಾರ್ಡ್‌ಡಿಸ್ಕ್ ಇದ್ದರೆ ಅದರ ರೇಡಿಯೋ ಗದ್ದಲ 2.4 ಗಿಗಾಹರ್ಟ್ಸ್ ವೈಫೈ ಸಿಗ್ನಲ್ಲನ್ನು ಕೆಡಿಸಬಹುದು. ಅದಕ್ಕೆ ಡಾಂಗಲನ್ನು ಗಿಡ್ಡ ಎಕ್ಸ್‌ಟೆನ್ಶನ್ ಕೇಬಲಿನಲ್ಲಿ ದೂರ ಇಡುವುದೇ ಒಳ್ಳೆಯದು.

ಸುಮ್ಮನೆ ಬಿಟ್ಟಾಗ ಮಾತ್ರ ನೆಟ್ ಜಾರುವುದು ಆಮೇಲೂ ಉಳಿದಿತ್ತು. ಅದು ವಿದ್ಯುತ್ ಉಳಿಸಲು ವೈಫೈಯನ್ನು ಮಲಗಿಸುವ ಪವರ್ ಸೇವ್ ಕಾಟ. ನೆಟ್‌ವರ್ಕ್ ಮ್ಯಾನೇಜರಿನ ಕಾನ್ಫ್ ಫೋಲ್ಡರಿನಲ್ಲಿರುವ ವೈಫೈ ಪವರ್‌ಸೇವ್ ಕಡತದಲ್ಲಿ 3 ಇದ್ದುದನ್ನು 2 ಮಾಡಿ ಸರ್ವಿಸ್ ರೀಸ್ಟಾರ್ಟ್ ಮಾಡಿದರೆ ಆಯಿತು. 2 ಎಂದರೆ ಆಫ್.

ನಿಜವಾದ ಪೇಚು ಬಂದದ್ದು ಅಪ್‌ಡೇಟ್ ಆದ ಮೇಲೆ. ಕರ್ನಲ್ 5.15ರಿಂದ 6.8ಕ್ಕೆ ಏರಿತು, ಡಾಂಗಲ್ ಮಾಯ. ಹೊರಗಿನಿಂದ ತಂದು ಹಾಕಿದ ಡ್ರೈವರನ್ನು ಡಿಕೆಎಂಎಸ್ ಎಂಬ ಸಾಧನ ಪ್ರತಿ ಹೊಸ ಕರ್ನಲ್ಲಿಗೂ ಮತ್ತೆ ಕಟ್ಟಬೇಕು. ಡ್ರೈವರಿನ ಹಳೆಯ ಸೋರ್ಸ್ ಕೋಡ್ ಹೊಸ ಕರ್ನಲ್ಲಿಗೆ ಒಗ್ಗದೆ ಅದು ಅರ್ಧಕ್ಕೇ ನಿಂತಿತ್ತು. ‘ಡಿಕೆಎಂಎಸ್ ಸ್ಟೇಟಸ್’ ಕೊಟ್ಟಾಗ ಕಂಡದ್ದು 5.15ರ ಹೆಸರಷ್ಟೇ. ನೆಟ್ ಇಲ್ಲದೆ ಮುಂದುವರಿಯುವುದಕ್ಕೆ ಮೊಬೈಲಿನ ಯುಎಸ್‌ಬಿ ಟೆದರಿಂಗ್ (ಮೊಬೈಲಿನ ನೆಟ್ಟನ್ನು ಕೇಬಲಿನಿಂದ ಕಂಪ್ಯೂಟರಿಗೆ ಕೊಡುವುದು) ಸಾಕು, ಅದಕ್ಕೆ ಬೇರೆ ಡ್ರೈವರ್ ಬೇಡ.

ಈ ಚಿಪ್ಪಿಗೆ 6.2ರಿಂದಲೇ ಕರ್ನಲ್ಲಿನೊಳಗೆ ಆರ್‌ಟಿಡಬ್ಲ್ಯು88 ಡ್ರೈವರ್ ಇದೆ. ಹಾಗಾಗಿ ಹಳೆಯದನ್ನು ಡಿಕೆಎಂಎಸ್‌ನಿಂದ ತೆಗೆಯುವುದೇ ಸರಿ. ಆದರೆ ಅಷ್ಟಕ್ಕೇ ಬಿಟ್ಟರೆ ಕೆಲಸ ಆಗುವುದಿಲ್ಲ: ಹಳೆಯ ಡ್ರೈವರ್ ಹಾಕುವಾಗ, ಡ್ರೈವರ್ ಲೋಡ್ ಮಾಡುವ ನಿಯಮಗಳಿರುವ ಮೋಡ್‌ಪ್ರೋಬ್ ಫೋಲ್ಡರಿನಲ್ಲಿ ಸೇರಿದ ಬ್ಲಾಕ್‌ಲಿಸ್ಟ್ ಸಾಲು ಹೊಸದನ್ನೂ ತಡೆದು ಕೂತಿರುತ್ತದೆ. ಆ ಸಾಲು ಅಳಿಸಿ, ಬೂಟ್ ಆರಂಭದಲ್ಲಿ ಬಳಕೆಯಾಗುವ ಇನಿಟ್‌ರಾಮ್‌ಎಫ್‌ಎಸ್ ಅಪ್‌ಡೇಟ್ ಮಾಡಿ ರೀಬೂಟ್ ಕೊಟ್ಟ ಮೇಲೆ ವೈಫೈ ಪಟ್ಟಿ ಬಂತು.

ಕರೆಂಟ್ ಹೋಗಿ ಬಂದಾಗ ಡಾಂಗಲ್ ಸಿಡಿ ಡ್ರೈವ್ ಆಗಿ ಏಳುವುದೂ ಉಂಟು. ಎಲ್‌ಎಸ್‌ಯುಎಸ್‌ಬಿ ಆದೇಶ ಕೊಡುವ ಯುಎಸ್‌ಬಿ ಸಾಧನಗಳ ಪಟ್ಟಿಯಲ್ಲಿ ಆಗ ಡಾಂಗಲಿನ ಐಡಿ ಸಂಖ್ಯೆಯ ಕೊನೆಗೆ 1ಎ2ಬಿ ಕಾಣುತ್ತದೆ. ಯುಎಸ್‌ಬಿ ಮೋಡ್‌ಸ್ವಿಚ್ ಪ್ಯಾಕೇಜ್ ಇದ್ದರೆ ಸಾಮಾನ್ಯವಾಗಿ ಅದು ತಾನಾಗಿಯೇ ಡಾಂಗಲನ್ನು ವೈಫೈಗೆ ತಿರುಗಿಸುತ್ತದೆ. ಇದೆಲ್ಲ ನೆಟ್ಟಗಾಗುವವರೆಗೆ ಹಳೆಯ ಕರ್ನಲ್ ಅಳಿಸಬೇಡಿ. ಹಳೆಯ ಡ್ರೈವರನ್ನು ಇನ್ನೂ ತೆಗೆದಿಲ್ಲವಾದರೆ, ಬೂಟ್ ಮೆನುವಾದ ಗ್ರಬ್‌ನ ಅಡ್ವಾನ್ಸ್ಡ್ ಆಯ್ಕೆಯಿಂದ 5.15ಕ್ಕೆ ಮರಳಿದರೆ ಆ ದಿನದ ಕೆಲಸ ನಿಲ್ಲುವುದಿಲ್ಲ.