ಚೀಟಿಯಲ್ಲಿ ‘ಮೂಗಿನ ಪಾಲಿಪ್’ ಎಂದಿದ್ದರೆ

ನಾನು ಪೆಥಾಲಜಿಸ್ಟ್; ದೇಹದಿಂದ ತೆಗೆದ ಅಂಗಾಂಶವನ್ನು ಸೂಕ್ಷ್ಮದರ್ಶಕದಡಿ ನೋಡಿ ರೋಗ ಗುರುತಿಸುವುದು ನನ್ನ ಕೆಲಸ. ಎಳೆಯ ಮಕ್ಕಳ ಮೂಗಿನ ಗಡ್ಡೆಯ ಚೂರು ನಮ್ಮ ಪ್ರಯೋಗಾಲಯಕ್ಕೆ ಬರುವುದೇ ಅಪರೂಪ. ಬಂದರೆ ಜೊತೆಗಿರುವ ಚೀಟಿಯಲ್ಲಿ ಸಾಮಾನ್ಯವಾಗಿ ‘ಪಾಲಿಪ್’, ಅಂದರೆ ಮೂಗಿನ ಒಳಪದರ ಊದಿ ಜೋತುಬಿದ್ದ ಮೆತ್ತನೆಯ ಗಡ್ಡೆ, ಎಂದಿರುತ್ತದೆ. ಮಗುವಿಗೆ ಇನ್ನೂ ವರ್ಷ ತುಂಬಿಲ್ಲವೆಂದರೆ ನಾನು ಆ ಮಾತನ್ನು ನಂಬುವುದಿಲ್ಲ. ಆ ವಯಸ್ಸಿನಲ್ಲಿ ಪಾಲಿಪ್ ತೀರಾ ವಿರಳ. ಸ್ವಲ್ಪ ದೊಡ್ಡ ಮಕ್ಕಳಲ್ಲಿ ಕಂಡರೂ ಸಿಸ್ಟಿಕ್ ಫೈಬ್ರೋಸಿಸ್ (ದೇಹದ ಲೋಳೆ ಗಟ್ಟಿಯಾಗುವ ಆನುವಂಶಿಕ ಕಾಯಿಲೆ) ಇದೆಯೇ ಎಂದು ವಿಚಾರಿಸಬೇಕು.

ಸ್ಕ್ಯಾನ್ ನೋಡದೆ ನಾನು ಸ್ಲೈಡಿಗೆ ಹೆಸರಿಡುವುದಿಲ್ಲ. ನಿಜವಾಗಿ ಸ್ಕ್ಯಾನ್ ಆಗಬೇಕಾದದ್ದು ಚೂರು ತೆಗೆಯುವ ಮೊದಲೇ. ಮೂಗಿನೊಳಗೆ ಕಾಣುವ ಉಂಡೆ, ತಲೆಬುರುಡೆಯ ತಳದ ರಂಧ್ರದಿಂದ ಇಳಿದ ಮಿದುಳಿನ ಭಾಗವೇ ಆಗಿದ್ದರೆ? ಅಲ್ಲಿ ಕತ್ತರಿ ಹಾಕಿದರೆ ಮಿದುಳಿನ ದ್ರವ ಸೋರಿ ಮೆನಿಂಜೈಟಿಸ್ (ಮಿದುಳಿನ ಪೊರೆಯ ಸೋಂಕು) ಬರಬಹುದು. ಮಗು ಅತ್ತಾಗ ಉಂಡೆ ಉಬ್ಬಿದರೆ ಈ ಅನುಮಾನ ಬಲವಾಗುತ್ತದೆ, ಉಬ್ಬದಿದ್ದರೆ ಅನುಮಾನ ತೀರುವುದಿಲ್ಲ. ಮಿದುಳಿನ ನಂಟು ಎಂಆರ್‌ಐನಲ್ಲಿ ಚೆನ್ನಾಗಿ ತಿಳಿಯುತ್ತದೆ. ಸಿಟಿ ಮೂಳೆಯ ಸ್ಥಿತಿ ತೋರಿಸುತ್ತದಾದರೂ ಶಿಶುಗಳಲ್ಲಿ ಮೂಗಿನ ಚಾವಣಿ ಇನ್ನೂ ಮೃದ್ವಸ್ಥಿಯಾಗಿರುವುದರಿಂದ ಇಲ್ಲದ ರಂಧ್ರ ಇದ್ದಂತೆ ಕಾಣಬಹುದು.

ನನಗೆ ಹೆಚ್ಚು ಕುತೂಹಲದ ಗಡ್ಡೆ ಮೂಗಿನ ಕಾಂಡ್ರೋಮೆಸೆಂಕೈಮಲ್ ಹಮಾರ್ಟೋಮಾ; ಮೃದ್ವಸ್ಥಿಯಂಥ ಸಹಜ ಅಂಗಾಂಶವೇ ಅಡ್ಡಾದಿಡ್ಡಿ ಬೆಳೆದು ಆಗುವ ಗಡ್ಡೆ. ಈ ಹೆಸರು ಬಂದದ್ದೇ 1998ರಲ್ಲಿ. ಹಾಲು ಕುಡಿಯುವಾಗ ಉಸಿರು ಕಟ್ಟುವ ಶಿಶುವಿನಲ್ಲಿ ಇದು ಸಿಗಬಹುದು. ಸ್ಕ್ಯಾನ್‌ನಲ್ಲಿ ಮೂಳೆ ಸವೆದು, ಕೆಲವೊಮ್ಮೆ ಗಡ್ಡೆ ತಲೆಬುರುಡೆಯೊಳಕ್ಕೂ ನುಗ್ಗಿ, ಕ್ಯಾನ್ಸರೇ ಎನ್ನುವಂತಿರುತ್ತದೆ. ಸೂಕ್ಷ್ಮದರ್ಶಕದಡಿ ಕಾಣುವುದು ಮೃದ್ವಸ್ಥಿಯ ದ್ವೀಪಗಳು, ಅವುಗಳ ಸುತ್ತ ಕದಿರಿನಾಕಾರದ ಕೋಶಗಳು, ಅಲ್ಲಲ್ಲಿ ರಕ್ತ ತುಂಬಿದ ಗುಳಿಗಳು. ಗಡ್ಡೆ ನಿರುಪದ್ರವಿಯೇ, ಪೂರ್ತಿ ತೆಗೆದರೆ ಸಾಕು, ಉಳಿಸಿದರೆ ಮತ್ತೆ ಬೆಳೆಯಬಹುದು. ತೊಂದರೆಯೆಂದರೆ ಸಣ್ಣ ಚೂರಿನಲ್ಲಿ ಮೃದ್ವಸ್ಥಿ ಬರದೇ ಇರಬಹುದು. ಆಗ ನಾನು ಹೆಸರು ಹೇಳದೆ ಇನ್ನಷ್ಟು ಅಂಗಾಂಶ ಕೇಳುತ್ತೇನೆ. ಶಸ್ತ್ರಚಿಕಿತ್ಸಕರು ಗೊಣಗುತ್ತಾರೆ, ಗೊಣಗಲಿ.

ಮಕ್ಕಳಲ್ಲಿ ಕಾಣುವ ಸ್ನಾಯು ಮಾದರಿಯ ಕ್ಯಾನ್ಸರ್ ಆದ ರಾಬ್ಡೋಮಯೋಸಾರ್ಕೋಮಾವನ್ನು ಮಾತ್ರ ಪ್ರತಿ ಸಲ ಹುಡುಕುತ್ತೇನೆ. ಒಂದೇ ಬದಿಯಲ್ಲಿ ಕಟ್ಟಿದ ಮೂಗು, ರಕ್ತ ಬೆರೆತ ಸಿಂಬಳ ಎಂದು ಸೈನಸೈಟಿಸ್‌ನ ಸೋಗಿನಲ್ಲಿ ಅದು ಬರುತ್ತದೆ. ಡೆಸ್ಮಿನ್, ಮಯೋಜೆನಿನ್ ಎಂಬ ಸ್ನಾಯುವಿನ ಪ್ರೋಟೀನುಗಳನ್ನು ತೋರಿಸುವ ಬಣ್ಣಗಳನ್ನು ಸ್ಲೈಡಿಗೆ ಹಾಕಿ ನೋಡದೆ ಅದನ್ನು ತಳ್ಳಿಹಾಕಲಾಗದು.

ಹಮಾರ್ಟೋಮಾ ಎಂದು ಖಚಿತವಾದರೆ ವರದಿಗೆ ಒಂದು ಸಾಲು ಸೇರಿಸುತ್ತೇನೆ: ಡೈಸರ್1 ವಂಶವಾಹಿಯ ಪರೀಕ್ಷೆ ಮಾಡಿಸಿ, ಎದೆಯ ಚಿತ್ರ ತೆಗೆಸಿ. ಈ ಗಡ್ಡೆಯ ಹಿಂದೆ ಹಲವು ಸಲ ಆ ವಂಶವಾಹಿಯ ದೋಷವಿರುತ್ತದೆ, ಅದೇ ದೋಷವಿರುವ ಮಕ್ಕಳಿಗೆ ಪ್ಲೂರೋಪಲ್ಮನರಿ ಬ್ಲಾಸ್ಟೋಮಾ ಎಂಬ ಶ್ವಾಸಕೋಶದ ಕ್ಯಾನ್ಸರ್ ಬರುವ ಅಪಾಯವಿದೆ. ಅದು ಬರೀ ಗುಳ್ಳೆಯ ಹಂತದಲ್ಲಿರುವಾಗಲೇ ಸಿಕ್ಕರೆ ಗುಣವಾಗುವ ಸಾಧ್ಯತೆ ಹೆಚ್ಚು. ದೋಷ ಕಂಡುಬಂದರೆ ಅಪ್ಪ, ಅಮ್ಮ, ಒಡಹುಟ್ಟಿದವರನ್ನೂ ಪರೀಕ್ಷಿಸಬೇಕಾಗುತ್ತದೆ.