ತೂತಿನ ಕಲ್ಲು ಮಾಡುವ ಕಸುಬು

ಅಂಕೋಲಾದಲ್ಲಿ ಯಾವ ಮದುವೆಗೆ ಹೋದರೂ ಊಟದ ಪಂಕ್ತಿಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. "ವಿಜ್ಞಾನಿ ಅಂತೆ, ಕೈಗಾದಲ್ಲಾ?" ನಮ್ಮ ಕಡೆ ವಿಜ್ಞಾನಿ ಅಂದರೆ ಒಂದೋ ಕೈಗಾ ಅಣುಸ್ಥಾವರ, ಇಲ್ಲಾಂದ್ರೆ ಸೀಬರ್ಡ್ ನೌಕಾನೆಲೆ. ಅಲ್ಲ, ಪುಣೆಯಲ್ಲಿ ಕೆಮಿಸ್ಟ್ರಿ ಅಂದರೆ "ಓ, ಔಷಧಿಯಾ?" ಅಂತಾರೆ. ಅದೂ ಅಲ್ಲ. ನಾನು ಇಷ್ಟು ವರ್ಷ ಮಾಡಿದ್ದು ಕಲ್ಲು. ತೂತಿರುವ ಕಲ್ಲು. ಹೀಗಂದ ಮೇಲೆ ಮಾತು ಸಾಧಾರಣವಾಗಿ ಪಾಯಸದ ಕಡೆ ಹೊರಳುತ್ತದೆ.

ಆ ಕಲ್ಲಿನ ಹೆಸರು ಜಿಯೋಲೈಟ್. ಸಿಲಿಕಾನ್, ಅಲ್ಯುಮಿನಿಯಂ, ಆಕ್ಸಿಜನ್ ಸೇರಿ ಕಟ್ಟಿದ ಹರಳು. ಒಳಗೆಲ್ಲ ಒಂದೇ ಅಳತೆಯ ಕಿಂಡಿಗಳು, ಅದೂ ಅಣುಗಳಷ್ಟೇ ಚಿಕ್ಕವು. ಜಿಯೋಲೈಟ್ ಎ ಅನ್ನುವುದರ ಕಿಂಡಿ ಸುಮಾರು 0.4 ನ್ಯಾನೋಮೀಟರ್. ನೀರು ಆರಾಮಾಗಿ ಒಳಗೆ ಹೋಗುತ್ತದೆ, ಬೆಂಜೀನ್ ಹೋಗುವುದಿಲ್ಲ. ಒಳಗಿರುವ ಸೋಡಿಯಂ ತೆಗೆದು ಪೊಟ್ಯಾಸಿಯಂ ಕೂರಿಸಿದರೆ ಕಿಂಡಿ ಇನ್ನೂ ಕಿರಿದಾಗುತ್ತದೆ, ಕ್ಯಾಲ್ಸಿಯಂ ಕೂರಿಸಿದರೆ ಅಗಲವಾಗುತ್ತದೆ.

ಧಾರವಾಡದಲ್ಲಿ ಎಂಎಸ್ಸಿ ಮುಗಿಸಿ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ, ಅಂದರೆ ಎನ್‌ಸಿಎಲ್‌ಗೆ ಪಿಎಚ್‌ಡಿಗೆ ಹೋದಾಗ ನನಗೆ ಗೊತ್ತಿದ್ದದ್ದು ಇಷ್ಟೇ. ಪುಣೆ ಈ ವಿಷಯಕ್ಕೆ ಹೇಳಿ ಮಾಡಿಸಿದ ಊರು. ಸುತ್ತಲಿನ ಬೆಸಾಲ್ಟ್ ಕ್ವಾರಿಗಳಲ್ಲಿ ಬಂಡೆ ಒಡೆದರೆ ಪೊಟರೆಯೊಳಗೆ ಸ್ಟಿಲ್ಬೈಟ್, ಹ್ಯೂಲಾಂಡೈಟ್ ಹರಳುಗಳು ಸಿಗುತ್ತವೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾದಲ್ಲಿ ಗುಳ್ಳೆ ಉಳಿದು, ಅದರೊಳಗೆ ಬಿಸಿನೀರು ನುಗ್ಗಿ, ನಿಧಾನಕ್ಕೆ ಬೆಳೆದ ಜಿಯೋಲೈಟ್‌ಗಳು ಅವು. ನಮ್ಮ ಉತ್ತರ ಕನ್ನಡದ ಕರಾವಳಿಯಲ್ಲಿ ಚಿರೇಕಲ್ಲು, ಗ್ರಾನೈಟು ಸಿಗುತ್ತದೆ ಬಿಟ್ಟರೆ ಇಂಥದ್ದನ್ನು ನಾನು ಕಂಡಿರಲಿಲ್ಲ. ಅದೇ ಎನ್‌ಸಿಎಲ್‌ನಲ್ಲಿ ಪಾಲ್ ರತ್ನಸಾಮಿಯವರ ಗುಂಪು 1980ರ ದಶಕದಲ್ಲಿ ತಯಾರಿಸಿದ ಜಿಯೋಲೈಟ್ ಕ್ಯಾಟಲಿಸ್ಟ್ (ರಾಸಾಯನಿಕ ಕ್ರಿಯೆಗೆ ವೇಗ ಕೊಡುವ ವಸ್ತು) ಬರೋಡಾದ ಐಪಿಸಿಎಲ್ ಪೆಟ್ರೋಕೆಮಿಕಲ್ ಕಾರ್ಖಾನೆಯವರೆಗೂ ಹೋಗಿತ್ತು. ನಾವು ಸೇರುವ ಹೊತ್ತಿಗೆ ಆ ಕಥೆ ಕ್ಯಾಂಟೀನಿನಲ್ಲಿ ದಿನಾ ಕೇಳುವಂಥದ್ದು.

ಭೂಮಿಗೆ ಸಾವಿರಾರು ವರ್ಷ ಹಿಡಿದದ್ದನ್ನು ಲ್ಯಾಬಿನಲ್ಲಿ ಗಂಟೆಗಳಲ್ಲಿ ಮಾಡಬೇಕು. ರಿಚರ್ಡ್ ಬ್ಯಾರರ್ ಇಂಗ್ಲೆಂಡಿನಲ್ಲಿ 1940ರ ದಶಕದಲ್ಲಿ ಇದಕ್ಕೆ ದಾರಿ ಮಾಡಿದರು. 1949ರಿಂದ ಯೂನಿಯನ್ ಕಾರ್ಬೈಡ್‌ನ ರಾಬರ್ಟ್ ಮಿಲ್ಟನ್ ತುಸು ಬಿಸಿಯಲ್ಲೇ, 100 ಡಿಗ್ರಿಯ ಆಸುಪಾಸಿನಲ್ಲೇ ಜಿಯೋಲೈಟ್ ಎ, ಎಕ್ಸ್ ಮಾಡಿ ತೋರಿಸಿದರು. ಸಾಮಾನು ಏನೂ ದುಬಾರಿಯಲ್ಲ. ಸೋಡಿಯಂ ಸಿಲಿಕೇಟ್, ಸೋಡಿಯಂ ಅಲ್ಯುಮಿನೇಟ್, ನೀರು, ಕಾಸ್ಟಿಕ್ ಸೋಡಾ. ಕಾಸ್ಟಿಕ್ ಅಂದರೆ ನಮ್ಮ ಕಾರವಾರದ ಬಿಣಗಾದಲ್ಲಿ ಉಪ್ಪಿನಿಂದ ತಯಾರಾಗುವುದು ಅದೇ. ಎರಡು ತಿಳಿ ದ್ರಾವಣ ಒಂದಕ್ಕೊಂದು ಸುರಿದರೆ ಸಾಕು, ಬಿಳಿ ಜೆಲ್ ಕಟ್ಟುತ್ತದೆ, ಮ್ಯಾಗ್ನೆಟಿಕ್ ಸ್ಟಿರರ್ ತಿರುಗಲಾರದೆ ನಿಲ್ಲುತ್ತದೆ. ಬಿಸಿ ಮಾಡುತ್ತಾ ಹೋದರೆ ಅದೇ ಜೆಲ್ ಮತ್ತೆ ತೆಳ್ಳಗಾಗಿ ಕೆಳಗೆ ಬಿಳಿ ಪುಡಿ ಕೂರುತ್ತದೆ.

ಇಲ್ಲೇ ಇರುವುದು ಕಸುಬಿನ ಗುಟ್ಟು. ಜಿಯೋಲೈಟ್ ಅನ್ನುವುದು ಕೊನೆಯ ನಿಲ್ದಾಣವಲ್ಲ, ನಡುವಿನದು. ಜಿಯೋಲೈಟ್ ಎ ಬಂದಾಯ್ತು ಅಂತ ಇಳಿಸದೆ ಕಾಸ್ಟಿಕ್‌ನಲ್ಲಿ ಕುದಿಸುತ್ತಲೇ ಇದ್ದರೆ ಅದು ಸೋಡಲೈಟ್ ಆಗುತ್ತದೆ, ಕಿಂಡಿ ಮುಚ್ಚಿದ ಹಾಗೆ. ಶಿರಸಿ ಕಡೆಯ ಆಲೆಮನೆ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಜೋನಿಬೆಲ್ಲಕ್ಕೆ ಪಾಕ ಯಾವಾಗ ಇಳಿಸಬೇಕು ಅನ್ನುವುದು ಕೊಪ್ಪರಿಗೆ ಮುಂದೆ ನಿಂತವನಿಗೇ ಗೊತ್ತು, ಸ್ವಲ್ಪ ತಡವಾದರೆ ಅದು ಅಚ್ಚಿನ ಬೆಲ್ಲ.

ಝಡ್‌ಎಸ್‌ಎಂ-5 ಇದಕ್ಕಿಂತ ಸತಾಯಿಸುವ ಸ್ವಭಾವದ್ದು. ಮೊಬಿಲ್ ಕಂಪನಿ 1972ರಲ್ಲಿ ಪೇಟೆಂಟ್ ಪಡೆದ ಜಿಯೋಲೈಟ್. ಅದಕ್ಕೆ ಸಾಮಾನ್ಯವಾಗಿ ಟೆಟ್ರಾಪ್ರೊಪೈಲ್ ಅಮೋನಿಯಂ ಅನ್ನುವ ಅಚ್ಚು ಬೇಕು, ಅದರ ಸುತ್ತಲೇ ಹರಳು ಬೆಳೆಯುತ್ತದೆ. ಒಳಗೆ ಟೆಫ್ಲಾನ್ ಇರುವ ಸ್ಟೀಲ್ ಆಟೋಕ್ಲೇವ್‌ಗೆ, ಅಂದರೆ ಒತ್ತಡ ತಡೆಯುವ ಪಾತ್ರೆಗೆ ತುಂಬಿ, ಬಿಗಿದು, 170 ಡಿಗ್ರಿಯ ಓವನ್ನಿನಲ್ಲಿಟ್ಟು ಮನೆಗೆ ಹೋಗುವುದು. ಒಳಗೆ ಏನಾಗುತ್ತಿದೆ ಅಂತ ಇಣುಕುವಂತಿಲ್ಲ. ತೆಗೆದು, ಸೋಸಿ, ಒಣಗಿಸಿ ಎಕ್ಸ್‌ಆರ್‌ಡಿಗೆ (ಎಕ್ಸ್‌ರೇ ಬಿಟ್ಟು ಹರಳು ಯಾವುದು ಅಂತ ಗುರುತಿಸುವ ಯಂತ್ರ) ಕೊಟ್ಟರೆ 8 ಮತ್ತು 9 ಡಿಗ್ರಿ ಕೋನದ ಹತ್ತಿರ ಎರಡು ಪೀಕ್, 23ರಿಂದ 24.5ರ ನಡುವೆ ಇನ್ನೊಂದು ಗುಂಪು ಕಾಣಬೇಕು. 26.6ರಲ್ಲಿ ಚೂಪಾಗಿ ಒಂದು ಎದ್ದಿತೋ, ಅದು ಕ್ವಾರ್ಟ್ಜ್. ಅಂದರೆ ಮರಳು ಮಾಡಿದ್ದೀರಿ, ಅದನ್ನು ಮಾಜಾಳಿ ಬೀಚಿನಿಂದಲೇ ತರಬಹುದಿತ್ತು.

ಆಮೇಲೆ ಒಳಗಿನ ಅಚ್ಚನ್ನು 550 ಡಿಗ್ರಿಯಲ್ಲಿ ಸುಟ್ಟು ತೆಗೆಯಬೇಕು. ಅದು ಒಡೆಯುವಾಗ ಅಮೀನ್ ಬರುತ್ತದೆ, ಮೀನಿನ ವಾಸನೆಗೆ ಕಾರಣವಾದ ಕುಟುಂಬದ್ದೇ ರಾಸಾಯನಿಕ. ಹೊಗೆ ಎಳೆಯುವ ಫ್ಯೂಮ್ ಹುಡ್ ಸರಿಯಾಗಿ ಕೆಲಸ ಮಾಡದ ದಿನ ಸಹಪಾಠಿಗಳು ಮೂಗು ಮುಚ್ಚಿಕೊಂಡು ಕಾರಿಡಾರಿಗೆ ಓಡುತ್ತಿದ್ದರು. ಒಣಮೀನಿನ ಸಂತೆಯಲ್ಲಿ ಬೆಳೆದ ನನಗೆ ಮಾತ್ರ ಹಸಿವಾಗುತ್ತಿತ್ತು.

ಇಷ್ಟೆಲ್ಲ ಯಾಕೆ ಅಂದರೆ ಕಿಂಡಿಗಾಗಿ. ಝೈಲೀನ್ ಅನ್ನುವ ಪೆಟ್ರೋಲಿಯಂ ರಾಸಾಯನಿಕದಲ್ಲಿ ಮೂರು ವಿಧ ಇವೆ, ಪ್ಯಾರಾ ಅನ್ನುವುದು ಉದ್ದಕ್ಕೆ ತೆಳ್ಳಗಿದೆ. ಝಡ್‌ಎಸ್‌ಎಂ-5ರ ಕಿಂಡಿಯಲ್ಲಿ ಅದು ಸುಲಭವಾಗಿ ನುಸುಳಿ ಹೊರಬೀಳುತ್ತದೆ, ಉಳಿದೆರಡು ಒಳಗೇ ತಡವರಿಸುತ್ತವೆ. ಆ ಪ್ಯಾರಾಝೈಲೀನ್‌ನಿಂದಲೇ ಪಾಲಿಯೆಸ್ಟರ್, ನೀರಿನ ಬಾಟಲಿ ಎಲ್ಲ. ತೈಲ ರಿಫೈನರಿಗಳಲ್ಲಿ ಭಾರದ ಎಣ್ಣೆ ಒಡೆದು ಪೆಟ್ರೋಲ್, ಅಡುಗೆ ಗ್ಯಾಸ್ ಮಾಡುವುದರಲ್ಲೂ ಜಿಯೋಲೈಟ್ ವೈ, ಝಡ್‌ಎಸ್‌ಎಂ-5 ಇವುಗಳ ಕೈವಾಡವಿದೆ.

ಆದರೆ ಕಿಂಡಿಯ ಅಳತೆ ಅರ್ಧ ಕಥೆ ಮಾತ್ರ. ಪುಸ್ತಕಗಳು ಈ ಅರ್ಧವನ್ನೇ ಜಾಸ್ತಿ ಹೇಳುತ್ತವೆ, ಚಿತ್ರ ಬಿಡಿಸಲು ಸುಲಭ ಅಲ್ವಾ, ಅದಕ್ಕೆ. ಉಳಿದರ್ಧ ಪೈಪೋಟಿ. 2021ರ ಕೋವಿಡ್ ಸಮಯದಲ್ಲಿ ಎಲ್ಲರೂ ಹೆಸರು ಕೇಳಿದ ಆಕ್ಸಿಜನ್ ಕಾನ್ಸಂಟ್ರೇಟರ್ ತೆಗೆದುಕೊಳ್ಳಿ. ಅದರೊಳಗಿರುವುದು ಜಿಯೋಲೈಟ್ ಎಕ್ಸ್ ಗುಂಡುಗಳು, ಸಾಮಾನ್ಯವಾಗಿ ಲಿಥಿಯಂ ಕೂರಿಸಿದ್ದು. ನೈಟ್ರೋಜನ್, ಆಕ್ಸಿಜನ್ ಎರಡೂ ಕಿಂಡಿಯೊಳಗೆ ಹೋಗುತ್ತವೆ, ಗಾತ್ರದಲ್ಲಿ ಅಂಥ ವ್ಯತ್ಯಾಸ ಇಲ್ಲ. ಲಿಥಿಯಂ ನೈಟ್ರೋಜನ್ ಅನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ಆಕ್ಸಿಜನ್ ಮುಂದೆ ಹೋಗುತ್ತದೆ, ಹೊರಗೆ ಬರುವ ಗಾಳಿಯಲ್ಲಿ ಆಕ್ಸಿಜನ್ ಶೇಕಡಾ 93ರ ಸುಮಾರು. ಒತ್ತಡ ಇಳಿಸಿದರೆ ನೈಟ್ರೋಜನ್ ಹೊರಗೆ. ಸರಿ, ಆದರೆ ಈ ಗುಂಡುಗಳಿಗೆ ನೈಟ್ರೋಜನ್‌ಗಿಂತ ನೀರಿನ ಆವಿ ಎಷ್ಟೋ ಪಾಲು ಪ್ರಿಯ. ಒಮ್ಮೆ ನೀರು ಕೂತರೆ ಸುಮ್ನೆ ಒತ್ತಡ ಇಳಿಸಿದ ಮಾತ್ರಕ್ಕೆ ಏಳುವುದಿಲ್ಲ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಚಪ್ಪಲಿಗೂ ಬೂಷ್ಟು ಬರುತ್ತದೆ. ಯಾರ ಮನೆಯಲ್ಲಾದರೂ ಆಗಿನ ಕಾನ್ಸಂಟ್ರೇಟರ್ ಅಟ್ಟದ ಮೇಲಿದ್ದರೆ ಇಳಿಸಿ ಆಗಾಗ ಓಡಿಸಿ, ಬೇಕಾದಾಗ ಆಕ್ಸಿಜನ್ ಎಷ್ಟು ಬರುತ್ತಿದೆ ಅಂತ ಮೀಟರ್ ಹಿಡಿದು ನೋಡದೆ ನಂಬಬೇಡಿ.

ಇದೇ ಪೈಪೋಟಿಯ ಮಾತು ನನ್ನ ಚಿಕ್ಕಪ್ಪನ ಮಗನ ಜೊತೆ ಪ್ರತಿ ಸಲ ಊರಿಗೆ ಬಂದಾಗಲೂ ನಡೆಯುತ್ತದೆ. ಅವನದ್ದು ಕುಮಟಾ ಹತ್ತಿರ ಅಘನಾಶಿನಿ ದಂಡೆಯ ಗಜನಿಯಲ್ಲಿ, ಅಂದರೆ ಹಿನ್ನೀರಿನ ಉಪ್ಪು ಗದ್ದೆಯಲ್ಲಿ, ಸಿಗಡಿ ಕೆರೆ. ಶೆಡ್ಡಿನಲ್ಲಿ ಫೀಡ್ ಚೀಲದ ಪಕ್ಕ ಇನ್ನೊಂದು ಚೀಲ, ಮೇಲೆ ದಪ್ಪಕ್ಷರದಲ್ಲಿ ಜಿಯೋಲೈಟ್. "ಅಕ್ಕಾ, ನಿನ್ನ ಪುಡಿನೇ ಅಲ್ದಾ ಇದು?" ಅಂತ ಹೆಮ್ಮೆಯಿಂದ ತೋರಿಸಿದ. ಕೆರೆಯ ಅಮೋನಿಯಾ ಎಳೆದುಕೊಳ್ಳುತ್ತದೆ ಅಂತ ಹಾಕುತ್ತಾರಂತೆ.

ಸಿಹಿನೀರಿನಲ್ಲಿ ಎಳೆದುಕೊಳ್ಳುತ್ತದೆ, ನಿಜ. ಉಪ್ಪುನೀರಿನಲ್ಲಿ ಲೆಕ್ಕ ಬೇರೆ. ಸಮುದ್ರದ ನೀರಿನಲ್ಲಿ ಲೀಟರಿಗೆ 10 ಗ್ರಾಂಗಿಂತ ಜಾಸ್ತಿ ಸೋಡಿಯಂ ಇದೆ, ಅದೂ ಜಿಯೋಲೈಟ್‌ನೊಳಗಿನ ಅದೇ ಜಾಗಕ್ಕೆ ನುಗ್ಗುತ್ತದೆ. ಕೆರೆಯಲ್ಲಿ ಅಮೋನಿಯಂ (ನೀರಿನಲ್ಲಿ ಅಮೋನಿಯಾ ಬಹುಪಾಲು ಈ ರೂಪದಲ್ಲೇ ಇರುತ್ತದೆ) ಲೀಟರಿಗೆ 1 ಮಿಲಿಗ್ರಾಂ ಇದ್ದರೆ, ತೂಕದ ಲೆಕ್ಕದಲ್ಲಿ ಒಂದರ ಎದುರಿಗೆ ಸೋಡಿಯಂ ಹತ್ತು ಸಾವಿರ. ಅರ್ಧ ಉಪ್ಪಿನ ನೀರಾದರೂ ಐದು ಸಾವಿರ. ಜಿಯೋಲೈಟ್‌ಗೆ ಅಮೋನಿಯಂ ಮೇಲೆ ಎಷ್ಟೇ ಪ್ರೀತಿ ಇರಲಿ, ಆ ಗದ್ದಲದಲ್ಲಿ ಅದು ಹಿಡಿಯುವುದು ಅಷ್ಟಕ್ಕಷ್ಟೇ. ಪುಡಿಯ ದುಡ್ಡಿನಲ್ಲಿ ಏರೇಟರ್ ಜಾಸ್ತಿ ಹೊತ್ತು ಓಡಿಸು, ಫೀಡ್ ಸ್ವಲ್ಪ ಕಡಿಮೆ ಮಾಡು, ಅಮೋನಿಯಾ ಏರಿದ ದಿನ ಸುಣ್ಣ ಮಾತ್ರ ಹಾಕಬೇಡ, ಪಿಎಚ್ ಏರಿದರೆ ಅದೇ ಅಮೋನಿಯಾ ಇನ್ನೂ ವಿಷ ಅಂದೆ. ಅವನ ಉತ್ತರಕ್ಕೆ ನನ್ನ ಹತ್ತಿರ ಯಾವ ಫಾರ್ಮುಲಾನೂ ಇರಲಿಲ್ಲ. "ಫೀಡ್ ಸಾಲ ಕೊಡುವವನೇ ಈ ಪುಡಿನೂ ಕೊಡುವವನು, ಅಕ್ಕಾ. ಪುಡಿ ಬೇಡ ಅಂದ್ರೆ ಫೀಡೂ ಬರೂದಿಲ್ಲ."

ಮಳೆಗಾಲದಲ್ಲಿ ಹೊಳೆ ತುಂಬಿ ಗಜನಿಯ ನೀರು ಸಪ್ಪೆಯಾಗುತ್ತದೆ. ಪುಡಿ ಕೆಲಸ ಮಾಡುವುದಿದ್ದರೆ ಆವಾಗ. ಆದರೆ ಉಪ್ಪು ತಡೆಯುವ ಕಗ್ಗ ಭತ್ತ ಹಾಕುವವರು ಇನ್ನೂ ಉಳಿದಿದ್ದರೆ ಅದು ಅವರ ಕಾಲ, ಸಿಗಡಿಯದ್ದಲ್ಲ.

ನಂಬದಿದ್ದರೆ ನೀವೇ ನೋಡಬಹುದು, ಲ್ಯಾಬ್ ಏನೂ ಬೇಡ. ಒಂದು ಬಕೆಟ್ ಬಾವಿ ನೀರು, ಒಂದು ಬಕೆಟ್ ಕೆರೆ ನೀರು. ಅಂಗಡಿಯಲ್ಲಿ ಸಿಗುವ ಅಮೋನಿಯಾ ಕಿಟ್‌ನಿಂದ ಎರಡನ್ನೂ ನೋಡಿ, ಬಾವಿ ನೀರಿಗೆ ನವಸಾಗರದ ಹರಳು ಚೂರೇ ಚೂರು ಹಾಕಿ ಎರಡರ ಬಣ್ಣ ಸಮ ಮಾಡಿಕೊಳ್ಳಿ. ಎರಡಕ್ಕೂ ಒಂದೇ ತೂಕದ ಪುಡಿ ಹಾಕಿ, ಕದಡಿ, ರಾತ್ರಿ ಬಿಟ್ಟು ಬೆಳಿಗ್ಗೆ ಮತ್ತೆ ಕಿಟ್ ಹಿಡಿಯಿರಿ. ಕೆರೆ ಬಕೆಟ್ಟಿನ ಬಣ್ಣ ಇಳಿದಿದ್ದರೆ ಯಾವ ಚೀಲ, ನೀರಿನ ಉಪ್ಪು ಎಷ್ಟು ಅಂತ ನನಗೆ ಬರೆದು ತಿಳಿಸಿ, ಆ ಪುಡಿ ತರಿಸಿ ಎಕ್ಸ್‌ಆರ್‌ಡಿಗೆ ಹಾಕುತ್ತೇನೆ.