ಬಯಾಸ್‌ಗೆ ಕಾಣುವ ಡಿಸ್ಕ್ ಇನ್‌ಸ್ಟಾಲರ್‌ಗೆ ಯಾಕೆ ಕಾಣಲ್ಲ?

ಕೊನೆಗೂ ಸಿಕ್ಕಿಬಿತ್ತು! ಬೆಂಗಳೂರಿನ ಎಸ್.ಪಿ. ರೋಡಿನಿಂದ ತಂದ ಹಳೇ ಸ್ಯಾಸ್ ಡಿಸ್ಕ್‌ಗಳು (ಸರ್ವರ್‌ಗಳಲ್ಲಿ ಬಳಸುವ ಥರದವು), ಅವನ್ನು ಜೋಡಿಸೋಕೆ ಸ್ಯಾಸ್2008 ಕಾರ್ಡ್, ಐಟಿ ಮೋಡ್ (ರೈಡ್ ಇಲ್ಲದೆ ಡಿಸ್ಕ್‌ಗಳನ್ನು ನೇರವಾಗಿ ಒಪ್ಪಿಸೋದು). ಕಾರ್ಡಿನ ಬಯಾಸ್‌ನಲ್ಲಿ (ಬೂಟ್ ಆಗುವಾಗ ಬರುವ ಅದರದೇ ಪರದೆ) ಎಲ್ಲವೂ ಮಾಡೆಲ್, ಸೀರಿಯಲ್ ನಂಬರ್ ಸಮೇತ ಹಾಜರ್. ಡೆಬಿಯನ್ ಲಿನಕ್ಸ್ ಇನ್‌ಸ್ಟಾಲರ್‌ನ ಪಾರ್ಟಿಷನ್ ಹಂತಕ್ಕೆ ಬಂದರೆ ಯುಎಸ್‌ಬಿ ಸ್ಟಿಕ್ ಬಿಟ್ಟು ಬೇರೇನೂ ಇಲ್ಲ.

ಕೇಬಲ್, ಬ್ಯಾಕ್‌ಪ್ಲೇನ್ (ಡಿಸ್ಕ್‌ಗಳು ಕೂರುವ ಬೋರ್ಡ್) ಬದಲಾಯಿಸಿದ ಕಥೆ ಬೇಡ. ಡ್ರೈವರ್ ಮೇಲೂ ಅನುಮಾನ ಬಂತು. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8ರಲ್ಲಿ ಈ ಕಾರ್ಡಿನ ಬೆಂಬಲ ಕಿತ್ತುಹಾಕಿದ್ದಾರೆ, ಆ ಕಡೆಯವರು ಮೊದಲು ಅದನ್ನೇ ನೋಡಿ. (ಅದಕ್ಕೆ ಹೊಂದುವ ಇನ್ನೊಂದು ಲಿನಕ್ಸ್ ಆದ ಆಲ್ಮಾಲಿನಕ್ಸ್ 9.4ರಲ್ಲಿ ವಾಪಸ್ ತಂದಿದ್ದಾರೆ, ಪುಣ್ಯಾತ್ಮರು.) ಡೆಬಿಯನ್‌ನಲ್ಲಿ ಆ ತಕರಾರಿಲ್ಲ, ಕಾರ್ಡಿನ ಡ್ರೈವರ್ ಎಂಪಿಟಿ3ಸ್ಯಾಸ್ ನೆಟ್ಟಗೆ ಲೋಡ್ ಆಗಿತ್ತು.

ಅಂಗಡಿಯವನಿಗೆ ಫೋನ್ ಮಾಡಿದೆ. 'ಲೈಟ್ ಹತ್ತುತ್ತೆ ಅಲ್ವಾ ಸರ್? ಹಾಗಾದ್ರೆ ಡಿಸ್ಕ್ ಓಕೆ' ಅಂದ. 'ಟೆಸ್ಟೆಡ್' ಸ್ಟಿಕ್ಕರ್‌ನ ಅರ್ಥ ಅಷ್ಟೇ ಅನ್ನಿ.

ಕಳ್ಳ ಸಿಕ್ಕಿದ್ದು ಡಿಮೆಸೇಜ್‌ನಲ್ಲಿ (ಲಿನಕ್ಸ್ ಕರ್ನಲ್‌ನ ಲಾಗ್): 'ಅನ್‌ಸಪೋರ್ಟೆಡ್ ಸೆಕ್ಟರ್ ಸೈಜ್ 520'. ಇವು ಯಾವುದೋ ದೊಡ್ಡ ಸ್ಟೋರೇಜ್ ಪೆಟ್ಟಿಗೆಯಿಂದ ಬಿಚ್ಚಿದ ಮಾಲು. ಅಲ್ಲಿ ಚೆಕ್‌ಸಮ್ (ಡೇಟಾ ಕೆಟ್ಟಿದೆಯಾ ಅಂತ ನೋಡುವ ಅಂಕಿ) ಇಡೋಕೆ ಅಂತ ಪ್ರತಿ ಸೆಕ್ಟರ್‌ಗೂ, ಅಂದರೆ ಡಿಸ್ಕಿನ ಪ್ರತಿ ತುಂಡಿಗೂ, 512ರ ಮೇಲೆ 8 ಬೈಟ್ ಜಾಸ್ತಿ. ಲಿನಕ್ಸ್‌ಗೆ 512, 4096 ಥರದ ಲೆಕ್ಕವೇ ಆಗಬೇಕು. 520 ಕಂಡರೆ ಡಿಸ್ಕಿನ ಗಾತ್ರವನ್ನು ಸೊನ್ನೆ ಅಂತ ಬರೆದು ಕೈತೊಳೆದುಕೊಳ್ಳುತ್ತದೆ. ಸೊನ್ನೆ ಗಾತ್ರದ್ದನ್ನು ಎಲ್‌ಎಸ್‌ಬಿಎಲ್‌ಕೆ (ಡಿಸ್ಕ್ ಪಟ್ಟಿ ಕೊಡುವ ಕಮಾಂಡ್) ಸುಮ್ನೆ ಬಚ್ಚಿಡುತ್ತದೆ, '-ಎ' ಹಾಕಿದರೆ ಮಾತ್ರ ತೋರಿಸುತ್ತದೆ. ಬಯಾಸ್ ಡಿಸ್ಕಿನ ಹೆಸರು ಕೇಳಿ ಬರೆದುಕೊಳ್ಳುತ್ತದೆ ಅಷ್ಟೇ, ಅದಕ್ಕೆ ಅಲ್ಲಿ ಎಲ್ಲಾ ಸರಿ ಇದ್ದ ಹಾಗೆ ಕಂಡಿದ್ದು.

ಮದ್ದು ಎಸ್‌ಜಿ3_ಯುಟಿಲ್ಸ್ ಅನ್ನೋ ಕಮಾಂಡ್‌ಗಳ ಪ್ಯಾಕೇಜ್‌ನಲ್ಲಿದೆ. ಲೈವ್ ಯುಎಸ್‌ಬಿಯಿಂದ ಎಸ್‌ಜಿ_ಫಾರ್ಮ್ಯಾಟ್, ಸೈಜ್ 512. ಡೇಟಾ ಪೂರ್ತಿ ಹೋಗುತ್ತದೆ, ಎಸ್‌ಜಿ ನಂಬರನ್ನು (ಲಿನಕ್ಸ್ ಡಿಸ್ಕಿಗೆ ಕೊಟ್ಟ ಗುರುತು) ಎರಡು ಸಲ ನೋಡಿಕೊಳ್ಳಿ. ಒಂದೊಂದು ಡಿಸ್ಕಿಗೆ ಒಂದೊಂದು ಟರ್ಮಿನಲ್ ತೆಗೆದು ಒಟ್ಟಿಗೇ ಬಿಡಬಹುದು. ಗಂಟೆಗಟ್ಟಲೆ ಹಿಡಿಯುತ್ತದೆ. ನಡುವೆ ಕರೆಂಟ್ ಹೋದರೆ ಡಿಸ್ಕ್ 'ಫಾರ್ಮ್ಯಾಟ್ ಕರಪ್ಟೆಡ್' ಅಂತ ಮುನಿಸಿಕೊಳ್ಳುತ್ತದೆ, ಮತ್ತೆ ಮೊದಲಿಂದ ಶುರು. ಯುಪಿಎಸ್ ಇಲ್ಲದೆ ಕೈ ಹಾಕಬೇಡಿ.



ಒಂದು ಡಿಸ್ಕ್ 512 ಆದಮೇಲೂ ಓದೋಕೆ ಬಿಡಲಿಲ್ಲ. ಅದೇ ಪ್ಯಾಕೇಜಿನ ಎಸ್‌ಜಿ_ರೀಡ್‌ಕ್ಯಾಪ್ '--ಲಾಂಗ್' ಕೊಟ್ಟು ನೋಡಿದರೆ ಪ್ರೊಟೆಕ್ಷನ್ ಟೈಪ್ 2 (ಡೇಟಾ ಜೊತೆ ಪರೀಕ್ಷೆಯ ಬೈಟ್ ಇಡುವ ವ್ಯವಸ್ಥೆ) ಆನ್! 'ಎಫ್‌ಎಂಟಿಪಿಇನ್ಫೋ=0' ಸೇರಿಸಿ ಮತ್ತೆ ಫಾರ್ಮ್ಯಾಟ್ ಮಾಡಿದ ಮೇಲೆ ದಾರಿಗೆ ಬಂತು. ಈಗ ಇನ್‌ಸ್ಟಾಲರ್‌ನಲ್ಲಿ ಎಲ್ಲವೂ ಸಾಲಾಗಿ ಕಾಣುತ್ತಿವೆ. ಆದರೆ ಸ್ಮಾರ್ಟ್‌ಸಿಟಿಎಲ್‌ನಲ್ಲಿ (ಡಿಸ್ಕಿನ ಆರೋಗ್ಯ ತೋರಿಸುವ ಕಮಾಂಡ್) ಒಂದರ ಗ್ರೋನ್ ಡಿಫೆಕ್ಟ್ ಲಿಸ್ಟ್, ಅಂದರೆ ಬಳಕೆಯಲ್ಲಿ ಕೆಟ್ಟ ಜಾಗಗಳ ಪಟ್ಟಿಯ ಉದ್ದ ನೋಡಿದರೆ ಭಯ ಆಗುತ್ತದೆ. ಕೆಟ್ಟ ಜಾಗ ಹುಡುಕುವ ಬ್ಯಾಡ್‌ಬ್ಲಾಕ್ಸ್ ಓಡುತ್ತಿದೆ. ಅದು ಪಾಸಾಗುವ ತನಕ ಡಿಸ್ಕ್‌ಗಳನ್ನು ಒಟ್ಟು ಸೇರಿಸಿ ಝಡ್‌ಎಫ್‌ಎಸ್ ಪೂಲ್ ಮಾಡಲ್ಲ.